ಕಾರ್ಟೂನ್ ಚಾನೆಲ್‌ನ ಮುಖ್ಯಸ್ಥರ ಕಾಲವನ್ನು ತೂಗಿ ನೋಡುವುದು ಹೇಗೆ

ನಾನು ಮಂಗಳೂರಿನಲ್ಲಿ ಅನಿಮೇಷನ್ ವಿದ್ಯಾರ್ಥಿಗಳಿಗೆ ಸ್ಟೋರಿಬೋರ್ಡ್, ಅಂದರೆ ಕಥೆಯನ್ನು ದೃಶ್ಯ ದೃಶ್ಯವಾಗಿ ಚಿತ್ರದಲ್ಲಿ ಬಿಡಿಸಿಡುವುದನ್ನು, ಕಲಿಸುತ್ತೇನೆ. ಎರಡನೇ ವರ್ಷದವರಿಗೆ ಒಂದು ಪ್ರಾಜೆಕ್ಟ್ ಕೊಡುತ್ತೇನೆ: ಮಕ್ಕಳ ಚಾನೆಲ್ ಒಂದರ ಮುಖ್ಯಸ್ಥರನ್ನು ಆರಿಸಿಕೊಳ್ಳಿ, ಅವರು ಆ ಕುರ್ಚಿಯಲ್ಲಿದ್ದಷ್ಟು ಕಾಲ ಏನು ಕಟ್ಟಿದರು, ಏನು ಕೆಡಿಸಿದರು ಅಂತ ಬರೆಯಿರಿ. ಹೆಚ್ಚಿನವರು ಆರಿಸುವುದು ಸ್ಟುವರ್ಟ್ ಸ್ನೈಡರ್ ಅವರನ್ನೇ. 2007ರಿಂದ 2014ರವರೆಗೆ ಅಮೆರಿಕದ ಕಾರ್ಟೂನ್ ನೆಟ್‌ವರ್ಕ್ ನಡೆಸಿದವರು. ಕಾರ್ಟೂನ್ ಪ್ರಿಯರಿಂದ ಬಾಯಿಗೆ ಬಂದ ಹಾಗೆ ಬೈಸಿಕೊಂಡವರು.

ಮೊದಲ ಡ್ರಾಫ್ಟ್ ಕೈಗೆ ಬಂದಾಗ ಒಳಗೆ ಬರೀ ಸಿಟ್ಟು ಇರುತ್ತದೆ. ಆ ಸಿಟ್ಟು ಸುಳ್ಳು ಅಂತ ನಾನು ಹೇಳುವುದಿಲ್ಲ. ಚಿಕ್ಕಂದಿನಲ್ಲಿ ಇಷ್ಟಪಟ್ಟದ್ದನ್ನು ಯಾರೋ ಕಿತ್ತುಕೊಂಡರೆ ನೋವಾಗುತ್ತದೆ. ಆದರೆ ನಾಳೆ ನೀವು ಇದೇ ಕೆಲಸಕ್ಕೆ ಹೋಗುವವರು. ಮೇಲೆ ಕೂತವರು ಒಂದು ಶೋವನ್ನು ಹೇಗೆ ಹುಟ್ಟಿಸುತ್ತಾರೆ, ಹೇಗೆ ನಿಲ್ಲಿಸುತ್ತಾರೆ ಅಂತ ಗೊತ್ತಿಲ್ಲದಿದ್ದರೆ ನಿಮಗೇ ಕಷ್ಟ. ಹಾಗಾಗಿ ತರಗತಿಯಲ್ಲಿ ಮಾಡಿಸುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಚಾರ್ಟ್ ಪೇಪರ್ ತನ್ನಿ

ಲ್ಯಾಪ್‌ಟಾಪ್ ಬೇಡ. ಒಂದು ದೊಡ್ಡ ಬಿಳಿ ಚಾರ್ಟ್ ಪೇಪರ್, ಮೂರು ಬಣ್ಣದ ಸ್ಕೆಚ್ ಪೆನ್ ಸಾಕು. ಪೇಪರನ್ನು ನೆಲದ ಮೇಲೆ ಅಡ್ಡ ಹಾಸಿ. ನಡುವೆ ಉದ್ದಕ್ಕೆ ಒಂದು ಗೆರೆ ಎಳೆಯಿರಿ. ಎಡತುದಿ 2005, ಬಲತುದಿ 2015. ಮುಖ್ಯಸ್ಥರು ಬದಲಾದ ದಿನಗಳಿಗೆ ಕೆಂಪು. ಶೋ ಶುರುವಾದದ್ದಕ್ಕೆ ನೀಲಿ. ನಿಂತದ್ದಕ್ಕೆ ಕಪ್ಪು.

ಕೆಂಪು ಗುರುತು ಹಾಕುವಾಗಲೇ ಒಂದು ಕಥೆ ಎದ್ದು ಬರುತ್ತದೆ. ಸ್ನೈಡರ್ ಅವರಿಗಿಂತ ಮೊದಲು ಜಿಮ್ ಸ್ಯಾಂಪಲ್ಸ್ ಇದ್ದರು, 2001ರಿಂದ. 2007ರ ಜನವರಿ 31ರಂದು ಬಾಸ್ಟನ್ ನಗರದ ಅಲ್ಲಲ್ಲಿ ಮಿಣುಕು ದೀಪದ ಫಲಕಗಳು ಕಂಡವು. ಕಾರ್ಟೂನ್ ಪಾತ್ರದ ಆಕಾರ, ಹಿಂದೆ ಬ್ಯಾಟರಿ, ವಯರು. ರಾತ್ರಿ ಹೊತ್ತಿನ ದೊಡ್ಡವರ ಕಾರ್ಟೂನ್ ವಿಭಾಗವಾದ ಅಡಲ್ಟ್ ಸ್ವಿಮ್‌ನ ಒಂದು ಶೋಗೆ ಮಾಡಿದ ಜಾಹೀರಾತು ಅದು. ಪೊಲೀಸರು ಬಾಂಬ್ ಇರಬಹುದು ಅಂತ ರಸ್ತೆ, ಸೇತುವೆ ಎಲ್ಲ ಮುಚ್ಚಿದರು. ಮಾಲೀಕ ಸಂಸ್ಥೆ ಟರ್ನರ್ ಮತ್ತು ಜಾಹೀರಾತು ಕಂಪನಿ ಸೇರಿ 20 ಲಕ್ಷ ಡಾಲರ್ ಕೊಡಬೇಕಾಯಿತು. ಫೆಬ್ರವರಿ 9ಕ್ಕೆ ಸ್ಯಾಂಪಲ್ಸ್ ರಾಜೀನಾಮೆ ಕೊಟ್ಟರು. ಮೇ ತಿಂಗಳಲ್ಲಿ ಸ್ನೈಡರ್ ಬಂದರು. ಚಾನೆಲ್ಲಿನೊಳಗೆ ಎಲ್ಲರೂ ಹೆದರಿ ಕೂತಿದ್ದ ಹೊತ್ತಿಗೆ ಬಂದವರು ಅವರು. ಇದನ್ನು ಬರೆಯದೆ ಮುಂದಕ್ಕೆ ಹೋಗಬೇಡಿ.

2014ರ ಮಾರ್ಚ್‌ನಲ್ಲಿ ಅವರು ಬಿಟ್ಟರು. ಜುಲೈಯಲ್ಲಿ ಕ್ರಿಸ್ಟಿನಾ ಮಿಲ್ಲರ್ ಅಧ್ಯಕ್ಷರಾದರು. ನಡುವಿನ ಆ ನಾಲ್ಕು ತಿಂಗಳನ್ನೂ ಚಾರ್ಟಿನಲ್ಲಿ ಖಾಲಿ ಬಿಡಿ, ಆಮೇಲೆ ಬೇಕಾಗುತ್ತದೆ.

ನೀವು ನೋಡಿದ್ದು ಯಾವ ಫೀಡ್?

ಇದನ್ನು ಯಾರೂ ಕೇಳಿಕೊಳ್ಳುವುದಿಲ್ಲ. ಫೀಡ್ ಅಂದರೆ ಒಂದೇ ಚಾನೆಲ್ ಒಂದೊಂದು ದೇಶಕ್ಕೆ ಬೇರೆ ಬೇರೆಯಾಗಿ ಕಳಿಸುವ ಪ್ರಸಾರ. ನಮ್ಮಪ್ಪ ಉಡುಪಿಯಲ್ಲಿ ಕೇಬಲ್ ನಡೆಸುತ್ತಿದ್ದರು. ಕಂಟ್ರೋಲ್ ರೂಮ್ ಅಂದರೆ ಮನೆ ಮಹಡಿಯ ಒಂದು ಸಣ್ಣ ಕೋಣೆ, ಮೇಲೆ ಟೆರೇಸಿನಲ್ಲಿ ಡಿಶ್ಶುಗಳು. ಒಳಗೆ ರಿಸೀವರ್‌ಗಳನ್ನು ಒಂದರ ಮೇಲೊಂದು ಜೋಡಿಸಿಟ್ಟು, ಪ್ರತಿಯೊಂದರ ಮೇಲೂ ಬಿಳಿ ಟೇಪ್ ಅಂಟಿಸಿ ಮಾರ್ಕರಿನಲ್ಲಿ ಚಾನೆಲ್ ಹೆಸರು ಬರೆದಿದ್ದರು. ಕಾರ್ಟೂನ್ ನೆಟ್‌ವರ್ಕ್ ಭಾರತಕ್ಕೆ ಬಂದದ್ದು 1995ರಲ್ಲಿ. ಆಗ ಹಗಲಿಗೆ ಕಾರ್ಟೂನ್, ರಾತ್ರಿ ಅದೇ ಜಾಗದಲ್ಲಿ ಟಿಎನ್‌ಟಿ ಚಾನೆಲ್ಲಿನ ಹಳೇ ಹಾಲಿವುಡ್ ಸಿನಿಮಾ. ಸಿನಿಮಾ ಶುರುವಾಯಿತೋ ಇಲ್ಲವೋ, ಫೋನ್ ಬರುತ್ತಿತ್ತು. ‘ಅಂಕಲ್, ಕಾರ್ಟೂನ್ ಹೋಯ್ತು, ಸ್ವಲ್ಪ ಹಾಕಿ.’ ಅಪ್ಪ ಪ್ರತಿ ಸಲ ಅಷ್ಟೇ ಸಮಾಧಾನದಿಂದ ಹೇಳುತ್ತಿದ್ದರು: ‘ಇನ್ನು ನಾಳೆ ಬೆಳಿಗ್ಗೆ ಮಗಾ, ನಾನು ತೆಗೆದದ್ದಲ್ಲ.’

ಅದೇ ಮಾತು ಇಲ್ಲಿಗೂ ಹೊಂದುತ್ತದೆ. ಭಾರತದ ಫೀಡ್ ಬೇರೆ, ಅಮೆರಿಕದ ಫೀಡ್ ಬೇರೆ. ಇಲ್ಲಿ ಯಾವ ಹೊತ್ತಿಗೆ ಏನು ಬರಬೇಕು ಅಂತ ನೋಡಿಕೊಳ್ಳುತ್ತಿದ್ದದ್ದು ಟರ್ನರ್‌ನ ಇಲ್ಲಿನ ತಂಡ. 2004ರಲ್ಲಿ ಅವರದೇ ಪೋಗೊ ಚಾನೆಲ್ ಬಂತು, 2008ರಲ್ಲಿ ಅದರಲ್ಲಿ ಛೋಟಾ ಭೀಮ್, 2009ರಲ್ಲಿ ಬೇರೆ ಸಂಸ್ಥೆಯಿಂದ ಕನ್ನಡದಲ್ಲೇ ಚಿಂಟು ಟಿವಿ. ಅಮೆರಿಕದಲ್ಲಿ ಸ್ನೈಡರ್ ವಿರುದ್ಧ ಕೂಗೆದ್ದ ಹೊತ್ತಿಗೆ ನಮ್ಮ ಊರಿನ ಮಕ್ಕಳು ಭೀಮನ ಹಿಂದೆ ಬಿದ್ದಿದ್ದರು. ಹಾಗಾಗಿ ನಿಮ್ಮ ಬಾಲ್ಯದ ನೆನಪನ್ನು ಸಾಕ್ಷಿ ಅಂತ ಇಡುವ ಮೊದಲು ಅದು ಯಾವ ದೇಶದ ಚಾನೆಲ್ಲಿನ ನೆನಪು ಅಂತ ನೋಡಿಕೊಳ್ಳಿ. ತಪ್ಪು ಊರಿನ ಲೆಕ್ಕವನ್ನು ಅವರ ತಲೆಗೆ ಕಟ್ಟಬಾರದು.

ಬಳುವಳಿಯಾಗಿ ಬಂದದ್ದನ್ನು ಬೇರೆ ಮಾಡಿ

ಕಟೀಲು ಯಕ್ಷಗಾನ ಮೇಳದ ಹರಕೆ ಆಟ ವರ್ಷಗಟ್ಟಲೆ ಮೊದಲೇ ಬುಕ್ ಆಗಿರುತ್ತದೆ, ಅಲ್ವಾ? ಇವತ್ತು ವ್ಯವಸ್ಥಾಪಕರು ಬದಲಾದರೂ ಈ ತಿರುಗಾಟದಲ್ಲಿ ನಡೆಯುವುದು ಹಿಂದಿನವರು ಒಪ್ಪಿಕೊಂಡ ಆಟಗಳೇ. ಅನಿಮೇಷನ್ ಚಾನೆಲ್ ಕೂಡ ಹೀಗೇ. ಹನ್ನೊಂದು ನಿಮಿಷದ ಒಂದು ಕಂತು ಅಂದರೆ ಕಥೆ, ಸ್ಟೋರಿಬೋರ್ಡ್, ಧ್ವನಿ, ಆಮೇಲೆ ಕೊರಿಯಾದ ಸ್ಟುಡಿಯೋಗೆ ಕಳಿಸಿ ಬಿಡಿಸಿ ತರಿಸುವುದು. ಎಂಟೊಂಬತ್ತು ತಿಂಗಳು ಹಿಡಿಯುತ್ತದೆ. ಅದಕ್ಕೂ ಮೊದಲು ಪೈಲಟ್ (ಪರೀಕ್ಷೆಗೆ ಮಾಡುವ ಮೊದಲ ಕಂತು), ಒಪ್ಪಿಗೆ, ತಂಡ ಕಟ್ಟುವುದು ಬೇರೆ.

ಅದಕ್ಕೇ ಪ್ರತಿ ಶೋಗೂ ಎರಡು ಚುಕ್ಕೆ ಹಾಕಿ. ಒಂದು ಒಪ್ಪಿಗೆ ಸಿಕ್ಕ ಕಾಲಕ್ಕೆ, ಇನ್ನೊಂದು ಪ್ರಸಾರವಾದ ದಿನಕ್ಕೆ. ‘ಚೌಡರ್’ 2007ರ ನವೆಂಬರ್‌ನಲ್ಲಿ ಬಂತು. ಸ್ನೈಡರ್ ಬಂದು ಆರು ತಿಂಗಳು. ಅದು ಅವರ ಖಾತೆಗೆ ಹೋಗುವುದಿಲ್ಲ. ಅದೇ ರೀತಿ ‘ಕ್ಲಾರೆನ್ಸ್’ ಬಂದದ್ದು 2014ರ ಏಪ್ರಿಲ್‌ನಲ್ಲಿ, ಅವರು ಹೋದ ಮೇಲೆ. ಅದು ಅವರ ಕಾಲದಲ್ಲೇ ತಯಾರಾದದ್ದು. ಖಾಲಿ ಬಿಟ್ಟ ನಾಲ್ಕು ತಿಂಗಳು ಬೇಕಾಗುವುದು ಇಲ್ಲಿ.

ಬೈಗುಳಕ್ಕೂ ಇದೇ ಅಳತೆ. ಕಾರ್ಟೂನ್ ಚಾನೆಲ್ಲಿಗೆ ನಿಜವಾದ ನಟರನ್ನು ತಂದದ್ದು ಸ್ನೈಡರ್ ಅಂತ ಎಲ್ಲರೂ ಬರೆಯುತ್ತಾರೆ. ಆದರೆ ನಟರೂ ಕಾರ್ಟೂನೂ ಸೇರಿದ ‘ರೀ-ಅನಿಮೇಟೆಡ್’ ಪ್ರಸಾರವಾದದ್ದು 2006ರ ಡಿಸೆಂಬರ್‌ನಲ್ಲಿ, ಸ್ಯಾಂಪಲ್ಸ್ ಇನ್ನೂ ಕುರ್ಚಿಯಲ್ಲಿದ್ದಾಗ. ದಾರಿ ಮೊದಲೇ ತೆರೆದಿತ್ತು. ಆ ದಾರಿಯಲ್ಲಿ ಎಷ್ಟು ದೂರ ಹೋದರು ಅನ್ನುವುದು ಮಾತ್ರ ಸ್ನೈಡರ್ ಅವರ ಲೆಕ್ಕ.

ಮತ್ತೆ ಅವರು ಬಹಳ ದೂರ ಹೋದರು. 2009ರ ಜೂನ್‌ನಲ್ಲಿ ‘ಸಿಎನ್ ರಿಯಲ್’ ಅಂತ ಒಂದು ಬ್ಲಾಕ್, ಅಂದರೆ ಒಂದೇ ಹೆಸರಿನಡಿ ತೋರಿಸುವ ಶೋಗಳ ಗುಂಪು, ಶುರು ಮಾಡಿದರು. ರೋಲರ್ ಕೋಸ್ಟರ್ ಮೇಲೆ ಕೂರಿಸಿ ಪ್ರಶ್ನೆ ಕೇಳುವ ಕ್ವಿಜ್. ವಾಹನ ಸಿಡಿಸಿ ಅದರ ಚೂರಿನಿಂದ ಹೊಸದು ಕಟ್ಟುವ ಪಂದ್ಯ. ದೆವ್ವ ಹುಡುಕುವ ಹುಡುಗರು. ಕೆಲವು ಬೇಗನೆ ಮಾಯವಾದವು, ಎರಡು 2011ರವರೆಗೆ ನಡೆದವು. ಯಾಕೆ ಹೀಗೆ ಮಾಡಿದರು ಅಂತ ಒಂದು ಪ್ಯಾರಾ ಬರೆಯಲೇಬೇಕು. ಆ ಕಡೆ ಡಿಸ್ನಿಗೆ ‘ಹನ್ನಾ ಮೊಂಟಾನಾ’, ಈ ಕಡೆ ನಿಕಲೋಡಿಯನ್‌ಗೆ ‘ಐಕಾರ್ಲಿ’. ಎರಡೂ ನಟರ ಶೋಗಳು, ಎರಡೂ ಗೆದ್ದವು. ಕ್ಯಾಮೆರಾ ಇಟ್ಟು ತೆಗೆದರೆ ಕೆಲಸವೂ ಬೇಗ. ಕಾರಣ ಅರ್ಥವಾಗುತ್ತದೆ. ಆದರೂ ನನ್ನ ಅಭಿಪ್ರಾಯ ಗಟ್ಟಿ: ಹೆಸರಿನಲ್ಲೇ ಕಾರ್ಟೂನ್ ಇರುವ ಚಾನೆಲ್, ಬೇರೆಯವರ ಗೆಲುವು ನೋಡಿ ತನ್ನ ಕಸುಬನ್ನು ಪಕ್ಕಕ್ಕಿಟ್ಟದ್ದು ದೊಡ್ಡ ತಪ್ಪು. ಅದು ಬಳುವಳಿಯಲ್ಲಿ ಬಂದದ್ದಲ್ಲ, ಅವರದೇ.

ನಿಲ್ಲಿಸಿದ ಶೋಗಳ ಹಿಂದಿನ ಕಾರಣ

ಕಪ್ಪು ಚುಕ್ಕೆಗಳ ಪಕ್ಕ ಕಾರಣ ಬರೆಯಿರಿ. ಆ ಕಾರಣ ಹೇಳಿದವರು ಯಾರು ಅಂತಲೂ ಬರೆಯಿರಿ. ಚಾನೆಲ್ ಹೇಳಿದ್ದೋ, ಶೋ ಮಾಡಿದವರು ಹೇಳಿದ್ದೋ, ಸುಮ್ನೆ ಊಹೆಯೋ? ಮೂರನ್ನೂ ಕಲಸಬಾರದು.

ಜಪಾನಿನ ಕಾರ್ಟೂನುಗಳಾದ ಅನಿಮೆ ತೋರಿಸುತ್ತಿದ್ದ ಟೂನಾಮಿ ಬ್ಲಾಕ್ 1997ರಿಂದ ಇತ್ತು. 2008ರ ಸೆಪ್ಟೆಂಬರ್ 20ಕ್ಕೆ ನಿಂತಿತು. ಈ ಸಿಟ್ಟು ಇವತ್ತಿಗೂ ಆರಿಲ್ಲ. ಆದರೆ ಚಾರ್ಟಿನಲ್ಲಿ ಬಲಕ್ಕೆ ಬನ್ನಿ: 2012ರ ಮೇ ತಿಂಗಳಲ್ಲಿ ಅದು ಅಡಲ್ಟ್ ಸ್ವಿಮ್‌ನಲ್ಲಿ ಮತ್ತೆ ಶುರುವಾಯಿತು. ಅಡಲ್ಟ್ ಸ್ವಿಮ್ ಕೂಡ ಸ್ನೈಡರ್ ಅವರ ಕೈಕೆಳಗೇ ಇತ್ತು. ಕಿತ್ತದ್ದು ಬರೆದರೆ ವಾಪಸ್ ಬಂದದ್ದನ್ನೂ ಬರೆಯಬೇಕು.

ಗೆಂಡಿ ಟಾರ್ಟಕೋವ್ಸ್ಕಿ ಅವರ ‘ಸಿಮ್-ಬಯೋನಿಕ್ ಟೈಟನ್’ 20 ಕಂತಿಗೇ ಮುಗಿಯಿತು. ಇಂಥ ಸಾಹಸ ಶೋಗಳು ನಿಂತಿದ್ದದ್ದು ಅವುಗಳ ಪಾತ್ರಗಳ ಆಟಿಕೆಯಿಂದ ಬರುವ ಹಣ ನಂಬಿ; ಅದಕ್ಕೆ ಆಟಿಕೆ ಕಂಪನಿ ಸಿಗಲಿಲ್ಲ ಅನ್ನುವ ಕಾರಣ ಕೇಳಿಬಂತು. ‘ಯಂಗ್ ಜಸ್ಟಿಸ್’ ಎರಡು ಸೀಸನ್‌ಗೆ ನಿಂತಿತು. ಆಟಿಕೆಯ ಹಣ ಹಿಂದಕ್ಕೆ ಹೋದದ್ದೇ ಕಾರಣ ಅಂತ ಅದರ ನಿರ್ಮಾಪಕ ಗ್ರೆಗ್ ವೈಸ್‌ಮನ್ ಹೇಳಿದ್ದಾರೆ. ಇದೇ ಶೋವನ್ನು 2012ರ ಅಕ್ಟೋಬರ್‌ನಲ್ಲಿ ಏಕಾಏಕಿ ಎತ್ತಿ, ಜನವರಿಯವರೆಗೆ ತೋರಿಸಲೇ ಇಲ್ಲ. ಕಥೆಯ ನಡುವೆ ಕೂತಿದ್ದ ಮಗುವಿಗೆ ಹೇಳುವವರು ಯಾರು? ನೋಡುವ ಮಕ್ಕಳಿಗೆ ಗೌರವ ಕೊಡುವ ಚಾನೆಲ್ ಹೀಗೆ ಮಾಡುವುದಿಲ್ಲ.

2013ರ ಕೊನೆಗೆ ಬರಹಗಾರ ಪಾಲ್ ಡಿನಿ ಒಂದು ಪಾಡ್‌ಕಾಸ್ಟ್‌ನಲ್ಲಿ ಇನ್ನೂ ಒಂದು ಮಾತು ಹೇಳಿದರು. ಸೂಪರ್‌ಹೀರೋ ಶೋಗಳನ್ನು ಹುಡುಗಿಯರು ಜಾಸ್ತಿ ನೋಡುವುದು ಅಧಿಕಾರಿಗಳಿಗೆ ಬೇಡವಾಗಿತ್ತು, ಹುಡುಗಿಯರು ಆ ಆಟಿಕೆ ಕೊಳ್ಳುವುದಿಲ್ಲ ಅನ್ನುವ ನಂಬಿಕೆಯಿಂದ ಅಂತ. ಇದು ಒಬ್ಬ ಬರಹಗಾರರ ಹೇಳಿಕೆ, ಹಾಗೇ ದಾಖಲಿಸಿ. ಆದರೆ ಬಿಡಬೇಡಿ. ನನ್ನ ತರಗತಿಯಲ್ಲಿ ಹುಡುಗಿಯರೇ ಜಾಸ್ತಿ. ಆಟಿಕೆ ಮಾರುವವರ ಲೆಕ್ಕದಲ್ಲಿ ಇವರೆಲ್ಲ ನೋಡುಗರೇ ಅಲ್ಲ ಅಂತಾದರೆ ಅದು ಸಣ್ಣ ವಿಷಯವಲ್ಲ. ಈ ಭಾಗ ಓದುವಾಗ ನನಗೆ ಇವತ್ತಿಗೂ ಬೇಜಾರಾಗುತ್ತದೆ.

ಕೊನೆಗೆ, ಕೆಲಸ ಯಾರಿಗೆ ಸಿಕ್ಕಿತು ನೋಡಿ

ನನ್ನ ಮಟ್ಟಿಗೆ ಇದೇ ಮುಖ್ಯ. ಚಾರ್ಟಿನ ಹಿಂಬದಿಗೆ ತಿರುಗಿಸಿ, ಮರದ ಹಾಗೆ ಹೆಸರುಗಳನ್ನು ಬರೆಯಿರಿ. ಬುಡದಲ್ಲಿ ಥರಪ್ ವ್ಯಾನ್ ಓರ್ಮನ್ ಅವರ ‘ಫ್ಲ್ಯಾಪ್‌ಜ್ಯಾಕ್’, 2008. ಆ ಶೋದ ಕೋಣೆಯಲ್ಲಿ ಸ್ಟೋರಿಬೋರ್ಡ್ ಮಾಡುತ್ತ ಕೂತಿದ್ದವರಲ್ಲಿ ಪೆಂಡಲ್ಟನ್ ವಾರ್ಡ್ ಒಬ್ಬರು. ಅಲ್ಲೇ ಕ್ರಿಯೇಟಿವ್ ಡೈರೆಕ್ಟರ್ ಆಗಿದ್ದವರು ಜೆ.ಜಿ. ಕ್ವಿಂಟೆಲ್. ಅಲೆಕ್ಸ್ ಹರ್ಷ್ ಕೂಡ ಅಲ್ಲಿದ್ದರು, ಆಮೇಲೆ ಡಿಸ್ನಿಗೆ ಹೋಗಿ ‘ಗ್ರಾವಿಟಿ ಫಾಲ್ಸ್’ ಮಾಡಿದರು.

ವಾರ್ಡ್ ಅವರ ‘ಅಡ್ವೆಂಚರ್ ಟೈಮ್’ ಅನ್ನು ನಿಕಲೋಡಿಯನ್ ಬೇಡ ಅಂದಿತ್ತು. ಕಾರ್ಟೂನ್ ನೆಟ್‌ವರ್ಕ್ ಎತ್ತಿಕೊಂಡಿತು. 2010ರ ಏಪ್ರಿಲ್ 5ಕ್ಕೆ ಶುರುವಾಗಿ 2018ರವರೆಗೆ ನಡೆಯಿತು. ಆ ತಂಡದಲ್ಲಿ ಸ್ಟೋರಿಬೋರ್ಡ್ ಮಾಡುತ್ತಿದ್ದ ರೆಬೆಕಾ ಶುಗರ್ 2013ರಲ್ಲಿ ‘ಸ್ಟೀವನ್ ಯೂನಿವರ್ಸ್’ ತಂದರು. ಆ ಚಾನೆಲ್ಲಿನಲ್ಲಿ ಹೆಣ್ಣೊಬ್ಬರೇ ಸೃಷ್ಟಿಸಿದ ಮೊದಲ ಶೋ ಅದು. ಇನ್ನೊಂದು ಕೊಂಬೆ ಕಾರ್ಟೂನ್‌ಸ್ಟಿಟ್ಯೂಟ್. 2008ರಲ್ಲಿ ಶುರುವಾದ ಕಿರುಚಿತ್ರಗಳ ಯೋಜನೆ. 39 ಮಾಡುವುದು ಅಂತಿತ್ತು, 14 ಮುಗಿದವು. ಹದಿನಾಲ್ಕೇ ಅಂತ ಮೂಗು ಮುರಿಯಬೇಡಿ. ಅದರಲ್ಲಿ ಒಂದು ಕ್ವಿಂಟೆಲ್ ಅವರ ‘ರೆಗ್ಯುಲರ್ ಶೋ’, ಆಮೇಲೆ ಪೂರ್ತಿ ಶೋ ಆಗಿ 2012ರಲ್ಲಿ ಟಿವಿಯ ಎಮ್ಮಿ ಪ್ರಶಸ್ತಿ ಪಡೆದದ್ದು. 2011ರಲ್ಲಿ ಲಂಡನ್ ಸ್ಟುಡಿಯೋದಿಂದ ‘ಗಂಬಾಲ್’ ಬಂತು.

ಈಗ ಚಾರ್ಟ್ ಮತ್ತೆ ಮುಂದಕ್ಕೆ ತಿರುಗಿಸಿ. ಸಿಎನ್ ರಿಯಲ್ 2009. ಅಡ್ವೆಂಚರ್ ಟೈಮ್ 2010. ಅಂದರೆ ಜನ ಬೈಯುತ್ತಿದ್ದ ಹೊತ್ತಿನಲ್ಲೇ ಒಳಗಿನ ಕೋಣೆಗಳಲ್ಲಿ ಆ ಕಾರ್ಟೂನುಗಳು ತಯಾರಾಗುತ್ತಿದ್ದವು. ಶ್ರೇಯಸ್ಸು ಯಾರಿಗೆ? 2008ರಲ್ಲಿ ಕಾರ್ಯಕ್ರಮಗಳ ಮುಖ್ಯಸ್ಥರಾಗಿ ಬಂದ ರಾಬ್ ಸೋರ್ಚರ್ ಅವರಿಗೆ ದೊಡ್ಡ ಪಾಲು ಕೊಡಿ. ಆದರೆ ಆ ತಂಡಕ್ಕೆ ವರ್ಷಗಟ್ಟಲೆ ಸಂಬಳ ಕೊಟ್ಟು, ಕೈ ಹಾಕದೆ ಬಿಟ್ಟ ಮೇಲಿನವರಿಗೂ ಪಾಲಿದೆ. ನಾನಾದರೆ ಸ್ನೈಡರ್ ಅವರ ಹೆಸರಿನ ಕೆಳಗೆ ಹೀಗೆ ಬರೆಯುತ್ತೇನೆ: ಹೊಸ ಸ್ಟೋರಿಬೋರ್ಡ್ ಕಲಾವಿದರ ಒಂದು ತಲೆಮಾರೇ ಇವರ ಕಾಲದಲ್ಲಿ ಬೆಳೆಯಿತು. ಆಟಿಕೆಯ ಹಣ ನಂಬಿ ನಿಂತಿದ್ದ ಸಾಹಸ ಕಥೆಗಳು ಇವರ ಕಾಲದಲ್ಲೇ ಸೊರಗಿದವು.

ವರದಿ ಬರೆಯುವಾಗ ಚಾರ್ಟಿನ ಕ್ರಮ ಹಿಡಿಯಬೇಡಿ, ಓದುವವರಿಗೆ ಬೋರಾಗುತ್ತದೆ. ಒಂದು ನಿರ್ಧಾರದಿಂದ ಶುರು ಮಾಡಿ: ಟೂನಾಮಿ ನಿಲ್ಲಿಸಿದ್ದು, ಅಥವಾ ಅಡ್ವೆಂಚರ್ ಟೈಮ್ ಎತ್ತಿಕೊಂಡದ್ದು. ನಿಮಗೆ ಹೊಟ್ಟೆಯುರಿಸಿದ್ದು ಇದ್ದರೆ ಅದನ್ನೇ ಮೊದಲಿಗೆ ಇಡಿ, ಆದರೆ ಪಕ್ಕದಲ್ಲೇ ತಾರೀಕು ಬರೆಯಿರಿ. ಚಾರ್ಟ್ ಎಸೆಯಬೇಡಿ. ಮುಂದಿನ ಬ್ಯಾಚಿನವರು ಕ್ರಿಸ್ಟಿನಾ ಮಿಲ್ಲರ್ ಅವರ ಕಾಲವನ್ನು ತೂಗಲು ಹೊರಟರೆ ಅವರಿಗೆ ಮೊದಲು ಬೇಕಾಗುವುದು ನಿಮ್ಮ ಚಾರ್ಟಿನ ಬಲತುದಿಯೇ.