ಇಂಗ್ಲೆಂಡಿನಲ್ಲಿ ಹಾರ್ಟ್ ಅಟ್ಯಾಕ್ ಆದರೆ: ಇಲ್ಲಿನ ಗುಳಿಗೆ, ಊರಿನ ಡಬ್ಬಿ

ಹುಬ್ಬಳ್ಳಿ, ಗದಗ, ಹಾವೇರಿ ಕಡೆಯಿಂದ ಬಂದ ನಮ್ಮವರ ಮನೆಯಲ್ಲಿ ಊರಿಂದ ತಂದ ಗುಳಿಗೆಗಳ ಡಬ್ಬಿ ಇದ್ದೇ ಇರುತ್ತದೆ. ಇಕೋಸ್ಪ್ರಿನ್, ಪ್ಯಾನ್-ಡಿ, ಸಾರ್ಬಿಟ್ರೇಟ್, ಯಾರೋ ಬಿಟ್ಟುಹೋದ ಕಾರ್ಡೇಸ್. ಹಾರ್ಟ್ ಅಟ್ಯಾಕ್ ಆಗಿ ಇಲ್ಲಿನ ಆಸ್ಪತ್ರೆಯಿಂದ ಮನೆಗೆ ಬಂದವರು ಮೊದಲು ಆ ಡಬ್ಬಿಯನ್ನು ದೂರ ಇಡಬೇಕು. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಎದೆನೋವು ಬಂದರೆ 999ಕ್ಕೆ ಫೋನ್ ಮಾಡಿ ಆಂಬುಲೆನ್ಸ್ ಕರೆಯಿರಿ. ಗ್ಯಾಸ್ ಇರಬೇಕು, ಜೀರಿಗೆ ನೀರು ಕುಡಿದು ಬೆಳಿಗ್ಗೆ ನೋಡೋಣ ಅನ್ನಬೇಡಿ, ಕಾರು ತೆಗೆದುಕೊಂಡು ನೀವೇ ಹೊರಡಲೂ ಬೇಡಿ. ಆಂಬುಲೆನ್ಸಿನವರು ಮನೆಯಲ್ಲೇ ಇಸಿಜಿ ತೆಗೆಯುತ್ತಾರೆ, 300 ಮಿ.ಗ್ರಾಂ. ಆಸ್ಪಿರಿನ್ ಅಗಿಯಲು ಕೊಡುತ್ತಾರೆ. ದೊಡ್ಡ ಅಟ್ಯಾಕ್ ಅಂತ ಕಂಡರೆ ಹತ್ತಿರದ ಆಸ್ಪತ್ರೆಯನ್ನು ದಾಟಿ, ಕಟ್ಟಿಕೊಂಡ ರಕ್ತನಾಳ ತೆರೆದು ಸ್ಟೆಂಟ್ ಎಂಬ ಚಿಕ್ಕ ಕೊಳವೆ ಇಡುವ ಆಂಜಿಯೋಪ್ಲಾಸ್ಟಿ ಆಗುವ ಕಡೆಗೇ ನೇರ ಒಯ್ಯುತ್ತಾರೆ. ನಮ್ಮ ಕಡೆ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲೂಕು ಆಸ್ಪತ್ರೆಯಲ್ಲೇ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಟ್ಟು ಮುಂದೆ ಕಳಿಸುತ್ತಾರಲ್ಲ, ಇಲ್ಲಿ ಆ ಇಂಜೆಕ್ಷನ್ ಕಡಿಮೆ. ಕೊಡಲಿಲ್ಲ ಅಂತ ಗಾಬರಿ ಬೇಡ.

ಇನ್ನು ಗುಳಿಗೆ. ಇಲ್ಲಿ ನೈಸ್ ಎಂಬ ಸಂಸ್ಥೆಯ ಮಾರ್ಗಸೂಚಿ ಇದೆ, ಹಾಗಾಗಿ ಯಾವ ಊರಿನ ಆಸ್ಪತ್ರೆಗೆ ಹೋದರೂ ಚೀಟಿ ಬಹುತೇಕ ಒಂದೇ ತರಹ. ರಕ್ತ ತೆಳು ಮಾಡುವ ಗುಳಿಗೆ ಎರಡು: ಒಂದು ಆಸ್ಪಿರಿನ್ 75 ಮಿ.ಗ್ರಾಂ., ಇನ್ನೊಂದು ಟಿಕಾಗ್ರೆಲಾರ್, ಪ್ರಾಸುಗ್ರೆಲ್ ಅಥವಾ ಕ್ಲೋಪಿಡೋಗ್ರೆಲ್. ಎರಡನೆಯದು ಸಾಮಾನ್ಯವಾಗಿ 12 ತಿಂಗಳು, ನಡುವೆ ನೀವಾಗಿ ಬಿಟ್ಟರೆ ಸ್ಟೆಂಟ್ ಕಟ್ಟಿಕೊಳ್ಳುವ ಅಪಾಯ ಇದೆ. ಕೊಲೆಸ್ಟ್ರಾಲಿಗೆ ಅಟೋರ್ವಾಸ್ಟಾಟಿನ್, ಅದೂ ಸಾಮಾನ್ಯವಾಗಿ 80. ಊರಲ್ಲಿ 10 ಅಥವಾ 20 ನೋಡಿದವರಿಗೆ ಇದು ಜಾಸ್ತಿ ಅನಿಸುತ್ತದೆ, ಆದರೆ ಅಟ್ಯಾಕ್ ಆದವರಿಗೆ ಇಲ್ಲಿ ಅದೇ ರೂಢಿ. ಜೊತೆಗೆ ಬಿಪಿ ಇಳಿಸುವ ರಾಮಿಪ್ರಿಲ್, ಹೃದಯ ಬಡಿತ ನಿಧಾನ ಮಾಡುವ ಬಿಸೊಪ್ರೊಲೋಲ್, ಹೊಟ್ಟೆಗೆ ಲಾನ್ಸೊಪ್ರಜೋಲ್. ಬಿಸೊಪ್ರೊಲೋಲ್ ಬಗ್ಗೆ ಈಗ ಚರ್ಚೆ ನಡೆದಿದೆ: ಹೃದಯದ ಪಂಪಿಂಗ್ ಚೆನ್ನಾಗಿರುವವರಿಗೆ ಅದರಿಂದ ಹೆಚ್ಚಿನ ಲಾಭ ಕಾಣಲಿಲ್ಲ ಅಂತ 2024ರಲ್ಲಿ ಒಂದು ದೊಡ್ಡ ಅಧ್ಯಯನ ಬಂತು. ವರ್ಷವಾದ ಮೇಲೂ ಬೇಕಾ ಅಂತ ಡಾಕ್ಟರನ್ನು ಕೇಳಿ, ಕೇಳುವುದರಲ್ಲಿ ತಪ್ಪೇನಿಲ್ಲ. ಒಮ್ಮೆಲೇ ಮಾತ್ರ ನಿಲ್ಲಿಸಬೇಡಿ.

ಈಗ ಡಬ್ಬಿ ವಿಷಯ. ಇಲ್ಲಿ ಕಂಪನಿ ಹೆಸರಲ್ಲ, ಔಷಧದ ಹೆಸರನ್ನೇ ಬರೆಯುತ್ತಾರೆ. ನಮ್ಮಲ್ಲಿ ಎರಡು ಮೂರು ಔಷಧ ಸೇರಿಸಿ ಒಂದೇ ಗುಳಿಗೆ ಮಾಡುವುದು ಸಾಮಾನ್ಯ. ಇಕೋಸ್ಪ್ರಿನ್ ಗೋಲ್ಡ್ ಅಂದರೆ ಆಸ್ಪಿರಿನ್, ಕ್ಲೋಪಿಡೋಗ್ರೆಲ್, ಅಟೋರ್ವಾಸ್ಟಾಟಿನ್ ಮೂರೂ. "ನಮ್ಮ ಡಾಕ್ಟರ್ ಕೊಟ್ಟಿದ್ದು, ಇರಲಿ" ಅಂತ ಅದನ್ನೂ ನುಂಗಿ, ಮೇಲೆ ಇಲ್ಲಿನ ಟಿಕಾಗ್ರೆಲಾರ್ ನುಂಗಿದರೆ ರಕ್ತಸ್ರಾವ ಆಗಬಹುದು. ವಾರ್ಡಿಗೆ ಫಾರ್ಮಸಿಸ್ಟ್ ಬಂದು ಮೊದಲು ಏನು ತೆಗೆದುಕೊಳ್ಳುತ್ತಿದ್ದಿರಿ ಅಂತ ಕೇಳಿದಾಗ ಸ್ಟ್ರಿಪ್‌ಗಳನ್ನೇ ತೋರಿಸಿ. ಆಯುರ್ವೇದದ್ದನ್ನೂ ಮುಚ್ಚಿಡಬೇಡಿ.

ಡಿಸ್ಚಾರ್ಜ್ ಆಗುವಾಗ ಕೆಲವು ದಿನಕ್ಕೆ ಸಾಕಾಗುವಷ್ಟು ಗುಳಿಗೆ ಕೊಡುತ್ತಾರೆ, ಅಷ್ಟೇ. ಮುಂದಿನದು ನಿಮ್ಮ ಜಿಪಿ, ಅಂದರೆ ನೀವು ಹೆಸರು ನೋಂದಾಯಿಸಿದ ಫ್ಯಾಮಿಲಿ ಡಾಕ್ಟರ್ ಕೆಲಸ. ಪತ್ರ ಅವರಿಗೆ ಹೋಗುತ್ತದೆ, ಆದರೂ ಗುಳಿಗೆ ಮುಗಿಯುವ ಮೊದಲೇ ಫೋನ್ ಮಾಡಿ, ಪ್ರತಿ ಸಲ ಡಾಕ್ಟರನ್ನು ನೋಡದೆ ಮತ್ತೆ ಮತ್ತೆ ಗುಳಿಗೆ ಸಿಗುವ ರಿಪೀಟ್‌ಗೆ ಹಾಕಿಸಿಕೊಳ್ಳಿ. ಕೊಪ್ಪೀಕರ ರಸ್ತೆಯ ಅಂಗಡಿಯಲ್ಲಿ ಹಳೇ ಚೀಟಿ ತೋರಿಸಿ ತಂದ ಹಾಗೆ ಇಲ್ಲಿ ನಡೆಯುವುದಿಲ್ಲ. 2025ರ ದರದಲ್ಲಿ ಒಂದೊಂದು ಔಷಧಕ್ಕೆ 9.90 ಪೌಂಡ್. ಅಟ್ಯಾಕ್ ಆದವರಿಗೆ ಐದಾರು ಇರುತ್ತವೆ, ಹಾಗಾಗಿ ಒಮ್ಮೆ ಕಟ್ಟಿದರೆ ವರ್ಷವಿಡೀ ಎಲ್ಲ ಔಷಧಕ್ಕೂ ಸಾಲುವ ಪ್ರಿಪೇಮೆಂಟ್ ಸರ್ಟಿಫಿಕೇಟ್ (2025ರಲ್ಲಿ 114.50 ಪೌಂಡ್) ಮಾಡಿಸುವುದೇ ಜಾಣತನ. 60 ತುಂಬಿದವರಿಗೆ ಉಚಿತ. ಸ್ಕಾಟ್ಲೆಂಡ್, ವೇಲ್ಸಿನಲ್ಲಿ ಎಲ್ಲರಿಗೂ ಉಚಿತ. ಪ್ರತಿ ತಿಂಗಳು ಪೆಟ್ಟಿಗೆಯ ಬಣ್ಣ ಬದಲಾಗಬಹುದು, ಹೆಸರು ಮತ್ತು ಮಿ.ಗ್ರಾಂ. ಓದಿ. ಒಣಕೆಮ್ಮು ಶುರುವಾದರೆ ರಾಮಿಪ್ರಿಲ್ ಕಾರಣ ಇರಬಹುದು, ಜಿಪಿ ಬದಲಿಸಿ ಕೊಡುತ್ತಾರೆ.

ಅವ್ವ-ಅಪ್ಪ ವಿಸಿಟರ್ ವೀಸಾದಲ್ಲಿ ಬಂದಿದ್ದರೆ ಲೆಕ್ಕವೇ ಬೇರೆ. ಎಮರ್ಜೆನ್ಸಿ ವಿಭಾಗದಲ್ಲಿ ನೋಡಿದ್ದಕ್ಕೆ ದುಡ್ಡಿಲ್ಲ. ವಾರ್ಡಿಗೆ ಅಡ್ಮಿಟ್ ಆದರೆ ಇಲ್ಲಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್ ದರದ 150 ಶೇಕಡಾ ಬಿಲ್. ತುರ್ತು ಚಿಕಿತ್ಸೆಯನ್ನು ದುಡ್ಡಿಗಾಗಿ ತಡೆಯುವುದಿಲ್ಲ, ಬಿಲ್ ಆಮೇಲೆ ಬರುತ್ತದೆ. ಇನ್ಶೂರೆನ್ಸ್ ಮಾಡಿಸುವಾಗ ಬಿಪಿ, ಶುಗರ್ ಇದ್ದದ್ದು ಇದ್ದಂತೆ ಬರೆಯಿರಿ. ಊರಿಗೆ ಹೊರಡುವಾಗ ಡಿಸ್ಚಾರ್ಜ್ ಪತ್ರ ಅವರ ಕೈಚೀಲದಲ್ಲೇ ಇರಲಿ. ಹುಬ್ಬಳ್ಳಿಯ ಡಾಕ್ಟರಿಗೆ ಅದನ್ನು ನೋಡಿ ಅದೇ ಗುಳಿಗೆ ಅಲ್ಲಿನ ಹೆಸರಲ್ಲಿ ಬರೆದುಕೊಡಲು ಸುಲಭ.