ಟಚ್‌ಡೌನ್ ಕಾಲಂ ಮುಚ್ಚಿಟ್ಟು ರಿಸೀವರ್ ಕೊಂಡೆ

ನ್ಯೂಜೆರ್ಸಿಯಲ್ಲಿ ನಾವು ಹತ್ತು ಜನ ಕನ್ನಡದವರು ತಲಾ 100 ಡಾಲರ್ ಹಾಕಿ ಅಮೆರಿಕನ್ ಫುಟ್‌ಬಾಲ್‌ನ ಫ್ಯಾಂಟಸಿ ಲೀಗ್ ಆಡುತ್ತೇವೆ. ನಿಜವಾದ ಆಟಗಾರರನ್ನು ಹರಾಜಿನಲ್ಲಿ ಕೊಳ್ಳೋದು, ಅವರು ಮೈದಾನದಲ್ಲಿ ಗಳಿಸಿದ ಯಾರ್ಡ್‌ಗೆ, ಟಚ್‌ಡೌನ್‌ಗೆ (ಎದುರಾಳಿಯ ಕೊನೆಯ ಗೆರೆ ದಾಟಿ ಗಳಿಸುವ ಸ್ಕೋರ್) ನಮಗೆ ಪಾಯಿಂಟ್. ಹರಾಜಿಗೆ ಒಬ್ಬೊಬ್ಬರಿಗೆ 200 ಡಾಲರ್‌ನ ಬಜೆಟ್, ಅದು ಬರೀ ಲೆಕ್ಕದ ದುಡ್ಡು. 2023ರ ಹರಾಜಿನಲ್ಲಿ ನಾನು ಹ್ಯೂಸ್ಟನ್ ತಂಡದ ರಿಸೀವರ್ (ಎಸೆದ ಬಾಲ್ ಹಿಡಿಯುವವನು) ನೀಕೋ ಕಾಲಿನ್ಸ್ ಹೆಸರು ಕೂಗಿದಾಗ ಯಾರೂ ಕೈ ಎತ್ತಲಿಲ್ಲ. "ಹೋದ ವರ್ಷ ಎರಡೇ ಟಚ್‌ಡೌನ್ ಹೊಡೆದವನು, ಯಾಕೋ?" ಅಂದ ಒಬ್ಬ ಗೆಳೆಯ. 3 ಡಾಲರ್‌ಗೆ ಸಿಕ್ಕ.

ಈ ಲೆಕ್ಕ ಕಲಿಯೋಕೆ ನಾನು ಜಾಸ್ತಿನೇ ದುಡ್ಡು ಕಳೆದಿದ್ದೇನೆ. 2022ರ ಜನವರಿಯಲ್ಲಿ ಕಾನ್ಸಾಸ್ ಸಿಟಿ ಎದುರಿನ ಪ್ಲೇಆಫ್ ಮ್ಯಾಚಿನಲ್ಲಿ ಬಫಲೋದ ಗೇಬ್ ಡೇವಿಸ್ 4 ಟಚ್‌ಡೌನ್ ಹೊಡೆದ, 201 ಯಾರ್ಡ್. ಆ ರಾತ್ರಿಯ ಗುಂಗು ಆಗಸ್ಟ್‌ವರೆಗೂ ಇಳಿಯಲಿಲ್ಲ. ಹರಾಜಿನಲ್ಲಿ 30ರ ಹತ್ತಿರ ಸುರಿದೆ. ಆ ಸೀಸನ್ ಪೂರ್ತಿ ಅವನು ಹಿಡಿದದ್ದು 48 ಕ್ಯಾಚ್. ಅದರ ಹಿಂದಿನ ಸೀಸನ್ ತೆಗೆದು ನೋಡಿದರೆ ಅವನ ಟಾರ್ಗೆಟ್ಟೇ, ಅಂದರೆ ಅವನ ಕಡೆ ಎಸೆದ ಬಾಲೇ, 60 ಚಿಲ್ಲರೆ. ಅದು ಕಣ್ಣೆದುರೇ ಇತ್ತು, ನಾನು ನೋಡಿರಲಿಲ್ಲ.

ಅಲ್ಲಿಂದ ಟಚ್‌ಡೌನ್ ಕಾಲಂ ಮುಚ್ಚಿಟ್ಟೆ. ಓಡಿದ ಪ್ರತಿ ರೂಟಿಗೆ (ಬಾಲ್ ಹಿಡಿಯೋಕೆ ಓಡುವ ಒಂದೊಂದು ಓಟ) ಎಷ್ಟು ಟಾರ್ಗೆಟ್, ಎಷ್ಟು ಯಾರ್ಡ್, ಅಷ್ಟೇ. ರೂಟಿಗೆ 2 ಯಾರ್ಡ್ ದಾಟಿದವನನ್ನು ಸುಮ್ನೆ ಬಿಡಬಾರದು. ಈ ಅಂಕಿ ಕೊಡುವ ಸೈಟಿಗೆ ಚಂದಾ ಕಟ್ಟಿದ್ದಕ್ಕೆ ಮನೆಯಲ್ಲಿ ಮಾತು ಕೇಳಿದ್ದೂ ಆಯ್ತು.

ಒಂದು ಬೇಸಿಗೆ, ಹೊಸ ಆಟಗಾರರ ವೇಗ ಅಳೆಯೋ 40 ಯಾರ್ಡ್ ಓಟದ ಸಮಯಗಳನ್ನೂ ಶೀಟಿಗೆ ಸೇರಿಸಿ ನೋಡಿದೆ. 2017ರಲ್ಲಿ ಜಾನ್ ರಾಸ್ 4.22 ಸೆಕೆಂಡಲ್ಲಿ ಓಡಿದ, ತಂಡಗಳು ಸರದಿಯಲ್ಲಿ ಹೊಸಬರನ್ನು ಆರಿಸುವ ಡ್ರಾಫ್ಟ್‌ನಲ್ಲಿ ಸಿನ್ಸಿನಾಟಿ ಅವನನ್ನು 9ನೇ ಆಯ್ಕೆಯಾಗಿ ತಗೊಂಡಿತು, ಆಮೇಲೆ ಹೇಳಿಕೊಳ್ಳುವಂಥದ್ದೇನೂ ಆಗಲಿಲ್ಲ. ಆ ಕಾಲಂ ಅಳಿಸಿಬಿಟ್ಟೆ. ಹಳೇ ಮ್ಯಾಚ್ ನೋಡುತ್ತಾ ಮೂರನೇ ಡೌನ್‌ನಲ್ಲಿ (10 ಯಾರ್ಡ್ ಮುಂದೆ ಹೋಗೋಕೆ ಸಿಗುವ ನಾಲ್ಕು ಯತ್ನಗಳಲ್ಲಿ ಮೂರನೆಯದು) ಬಾಲ್ ಯಾರ ಕಡೆ ಹೋಗುತ್ತೆ ಅಂತ ಎಣಿಸಿದ್ದು ಮಾತ್ರ ಉಪಯೋಗಕ್ಕೆ ಬಂತು. ಅದಕ್ಕೆ ಎಷ್ಟು ತೂಕ ಕೊಡುತ್ತೇನೆ ಅನ್ನೋದು ನನ್ನಲ್ಲೇ ಇರಲಿ.

ಕಾಲಿನ್ಸ್‌ಗೆ ಬರೋಣ. 2022ರಲ್ಲಿ 481 ಯಾರ್ಡ್ ಅಂದರೆ ಕಮ್ಮಿ ಅನ್ನಿಸುತ್ತೆ. ಆದರೆ ಆಡಿದ್ದೇ 10 ಮ್ಯಾಚ್, ಮ್ಯಾಚಿಗೆ ಆರೂವರೆ ಟಾರ್ಗೆಟ್. 2023ಕ್ಕೆ ಅದೇ ತಂಡದ ಇನ್ನೊಬ್ಬ ರಿಸೀವರ್ ಬ್ರಾಂಡಿನ್ ಕುಕ್ಸ್ ಡಲ್ಲಾಸ್‌ಗೆ ಹೋದ, ಅವನ ಪಾಲಿನ ಬಾಲ್ ಯಾರಿಗಾದರೂ ಹೋಗಲೇಬೇಕು. ಬಾಲ್ ಎಸೆಯುವ ಕ್ವಾರ್ಟರ್‌ಬ್ಯಾಕ್ ಆಗಿ ಹೊಸದಾಗಿ ಸಿ.ಜೆ. ಸ್ಟ್ರೌಡ್ ಬಂದ. ಆ ವರ್ಷ ಕಾಲಿನ್ಸ್ 1,297 ಯಾರ್ಡ್, 8 ಟಚ್‌ಡೌನ್.

ಅದೇ ವರ್ಷ ನ್ಯೂಯಾರ್ಕ್ ಜೆಟ್ಸ್‌ನ ರಿಸೀವರ್ ಗ್ಯಾರೆಟ್ ವಿಲ್ಸನ್ ನನ್ನನ್ನು ಮುಳುಗಿಸಿದ. ಹಳೇ ಹುಲಿ ಕ್ವಾರ್ಟರ್‌ಬ್ಯಾಕ್ ಆರನ್ ರಾಜರ್ಸ್ ಆ ತಂಡದಲ್ಲಿ ಇದ್ದಾನೆ ಅಂತ 38 ಕೊಟ್ಟಿದ್ದೆ. ಮೊದಲ ಮ್ಯಾಚಿನಲ್ಲಿ ತನ್ನ ನಾಲ್ಕನೇ ಸ್ನ್ಯಾಪಿಗೇ, ಅಂದರೆ ಆಡೋಕೆ ಶುರು ಮಾಡಿದ ಕೂಡಲೇ, ರಾಜರ್ಸ್ ಹಿಮ್ಮಡಿಯ ಸ್ನಾಯುರಜ್ಜು ಹರಿದುಕೊಂಡ. ವಿಲ್ಸನ್‌ಗೆ 168 ಟಾರ್ಗೆಟ್ ಬಂದವು, ಟಚ್‌ಡೌನ್ ಮೂರೇ. ಹುಡುಗನ ತಪ್ಪು ಏನೂ ಇಲ್ಲ. ಈಗ ವಯಸ್ಸಾದ ಕ್ವಾರ್ಟರ್‌ಬ್ಯಾಕ್ ಇದ್ದರೆ ಬೆಲೆಯಲ್ಲಿ ಮೊದಲೇ ಕಡಿತ ಮಾಡುತ್ತೇನೆ.

2024ರಲ್ಲಿ ಟೆರಿ ಮೆಕ್‌ಲಾರಿನ್. ನಾಲ್ಕು ವರ್ಷ ಸತತವಾಗಿ 1,000 ಯಾರ್ಡ್ ದಾಟಿದವನು, ಅದೂ ಕ್ವಾರ್ಟರ್‌ಬ್ಯಾಕ್ ಮೇಲೆ ಕ್ವಾರ್ಟರ್‌ಬ್ಯಾಕ್ ಬದಲಾಗುತ್ತಿದ್ದ ವಾಷಿಂಗ್ಟನ್‌ನಲ್ಲಿ. ಹಿಂದಿನ ವರ್ಷ 4 ಟಚ್‌ಡೌನ್ ಅಂತ ಎಲ್ಲರೂ ಕೈಬಿಟ್ಟರು. ಹೊಸ ಕ್ವಾರ್ಟರ್‌ಬ್ಯಾಕ್ ಆಗಿ ಜೇಡನ್ ಡೇನಿಯಲ್ಸ್ ಬಂದಿದ್ದ. 11ಕ್ಕೆ ತಗೊಂಡೆ. ಟಾರ್ಗೆಟ್ 130ರ ಆಸುಪಾಸಿನಿಂದ 117ಕ್ಕೆ ಇಳಿದರೂ ಟಚ್‌ಡೌನ್ 13!

ಆ ಸಲ ಲೀಗಿನ ಬಹುಮಾನದ 600 ಡಾಲರ್ ನನಗೇ ಬಂತು. ಕಾಲಿನ್ಸ್ ಬಗ್ಗೆ ಯಾಕೋ ಅಂದಿದ್ದ ಗೆಳೆಯ ಈಗ ಆಗಸ್ಟ್ ಬಂದರೆ ನನ್ನ ಶೀಟ್ ಕೇಳುತ್ತಾನೆ. ಕೊಡುತ್ತೇನೆ, ಮೂರನೇ ಡೌನ್ ಕಾಲಂ ತೆಗೆದು.