ಕೊಳೆರೋಗ ಈಜಿ ಬರುವ ಮುನ್ನ: ಬೋರ್ಡೋ ಮದ್ದು ಮಾಡುವ, ಬಿಡುವ ಕ್ರಮ

ಮೇ ಕೊನೆಯ ಹೊತ್ತಿಗೆ ಬರುವ ತುಳುನಾಡಿನ ಪತ್ತನಾಜೆಯ ದಿನ ಬಂತೆಂದರೆ ನಮ್ಮ ಕಡೆ ಯಕ್ಷಗಾನ ಮೇಳದವರು ಗೆಜ್ಜೆ ಬಿಚ್ಚುತ್ತಾರೆ, ನೇಮ ಕೋಲಗಳು ನಿಲ್ಲುತ್ತವೆ, ಅಡಿಕೆ ತೋಟದವರು ಮೈಲುತುತ್ತು (ತಾಮ್ರದ ಸಲ್ಫೇಟ್) ತರಲು ಪೇಟೆಗೆ ಹೊರಡುತ್ತಾರೆ. ಹಿರಿಯಡಕದ ನಮ್ಮ ಮನೆಯಲ್ಲಿ ಈ ಕ್ರಮ ತಪ್ಪಿದ್ದು ಒಂದೇ ಒಂದು ವರ್ಷ. ಮದ್ದು ಬಿಡುವವರು, ಅಂದರೆ ಸಿಂಪಡಿಸುವವರು, ಸಿಗಲಿಲ್ಲ. ಅವರು ಸಿಕ್ಕಿದಾಗ ಮಳೆ ಬಿಡಲಿಲ್ಲ. ಜುಲೈ ನಡುವಿನಲ್ಲಿ ಒಂದು ಬೆಳಿಗ್ಗೆ ತೋಟಕ್ಕಿಳಿದರೆ ಮರಗಳ ಬುಡದಲ್ಲೆಲ್ಲ ಹಸಿ ಅಡಿಕೆ. ಅಮ್ಮ ಬುಟ್ಟಿ ತಂದು ಹೆಕ್ಕಿದರು. ಮರುದಿನ ನೋಡಿದರೆ ಮತ್ತೆ ಅಷ್ಟೇ. ಆಮೇಲೆ ತರಾತುರಿಯಲ್ಲಿ ಮದ್ದು ಬಿಡಿಸಿದೆವು, ಆದರೂ ಅಡಿಕೆ ಬೀಳುವುದು ನಿಲ್ಲಲಿಲ್ಲ.

ಯಾಕೆ ನಿಲ್ಲಲಿಲ್ಲ ಎಂಬುದು ಗೊತ್ತಾದದ್ದು, ಅಡಿಕೆಯ ಈ ಕೊಳೆರೋಗದ ರೋಗಾಣು ಹೇಗೆ ಸಂತಾನ ಬೆಳೆಸುತ್ತದೆ ಎಂದು ತಿಳಿದ ಮೇಲೆ. ಮೈಲುತುತ್ತು, ಸುಣ್ಣ ಸೇರಿಸಿ ಮಾಡುವ ಬೋರ್ಡೋ ದ್ರಾವಣ ಕೊಳೆತ ಅಡಿಕೆಯನ್ನು ಗುಣ ಮಾಡುವುದಿಲ್ಲ. ಅಡಿಕೆಯ ಮೇಲೆ ಬಂದಿಳಿದ ಬೀಜಾಣು ಒಳಗೆ ಹೋಗುವ ಮೊದಲು ಅದನ್ನು ಕೊಲ್ಲುತ್ತದೆ, ಅಷ್ಟೇ. ಒಳಗೆ ಹೋದ ಮೇಲೆ ಎಷ್ಟು ಬಿಟ್ಟರೂ ಮದ್ದು ಹೊರಗೆ, ರೋಗ ಒಳಗೆ. ಹಾಗಾಗಿ ಮದ್ದಿನ ಲೆಕ್ಕಕ್ಕಿಂತ ಮೊದಲು ಬೀಜಾಣುವಿನ ಲೆಕ್ಕ ತಿಳಿಯೋಣ.

ಮೊದಲು ಒಂದು ಅಡಿಕೆ ಹೆಕ್ಕಿ

ಜೂನ್ ಕೊನೆಗೆ ಅಥವಾ ಜುಲೈಯಲ್ಲಿ ಬಿದ್ದ ಹಸಿ ಅಡಿಕೆಯೊಂದನ್ನು ಕೈಗೆತ್ತಿಕೊಳ್ಳಿ. ತೊಟ್ಟಿನ ಹತ್ತಿರ ನೀರಲ್ಲಿ ನೆನೆದಂತೆ ಕಾಣುವ ಕಡು ಹಸಿರು ಮಚ್ಚೆ ಇದ್ದರೆ, ಅಡಿಕೆಯ ಹೊಳಪು ಹೋಗಿದ್ದರೆ ಕೊಳೆರೋಗವೆಂದು ಅನುಮಾನಿಸಬೇಕು. ಒದ್ದೆ ಮಾಡಿ ಹಿಂಡಿದ ಕಾಗದವನ್ನು ಮುಚ್ಚಳವಿರುವ ಡಬ್ಬಿಯೊಳಗೆ ಹಾಸಿ, ಅದರ ಮೇಲೆ ಈ ಅಡಿಕೆ ಇಟ್ಟು ಮುಚ್ಚಿಡಿ. ಎರಡು ಮೂರು ದಿನ ಬಿಟ್ಟು ತೆರೆದಾಗ ಮಚ್ಚೆಯ ಸುತ್ತ ಬಿಳಿ ಹತ್ತಿಯಂಥದ್ದು ಎದ್ದಿದ್ದರೆ ಅನುಮಾನ ಬಲವಾಯಿತು. ಆ ಬಿಳಿಯನ್ನು ಕನ್ನಡಕ ಹಾಕಿಕೊಂಡು ಬೆಳಕಿನಲ್ಲಿ ನೋಡಿ. ಜೇಡನ ಬಲೆಗಿಂತ ನವಿರಾದ ಎಳೆಗಳು. ಅವುಗಳಲ್ಲಿ ನಿಂಬೆಹಣ್ಣಿನ ಆಕಾರದ ಬೀಜಾಣು ಚೀಲಗಳು ಹುಟ್ಟುತ್ತವೆ. ಒಂದೊಂದು ಚೀಲದ ಉದ್ದ ಮಿಲಿಮೀಟರಿನ ಇಪ್ಪತ್ತನೇ ಒಂದು ಭಾಗದ ಆಸುಪಾಸು, ಹಾಗಾಗಿ ಬರಿಗಣ್ಣಿಗೆ ಸಿಗುವುದಿಲ್ಲ.

ಇದರ ಹೆಸರು ಫೈಟಾಫ್ತೊರ. ಗ್ರೀಕ್ ಮೂಲದ ಈ ಹೆಸರಿಗೆ ಗಿಡ ಹಾಳುಮಾಡುವುದು ಎಂದರ್ಥ. 1845ರ ನಂತರ ಐರ್ಲೆಂಡಿನಲ್ಲಿ ಆಲೂಗಡ್ಡೆ ಕೊಳೆತು ಕ್ಷಾಮ ಬಂದದ್ದು ಇದರ ದಾಯಾದಿಯಿಂದ. ರೂಢಿಯಲ್ಲಿ ಶಿಲೀಂಧ್ರ ಅನ್ನುತ್ತೇವಾದರೂ ಇದು ನಿಜವಾದ ಶಿಲೀಂಧ್ರವಲ್ಲ. ಶಿಲೀಂಧ್ರಗಳ ಕೋಶದ ಗೋಡೆ ಮುಖ್ಯವಾಗಿ ಕೈಟಿನ್‌ನಿಂದಾದರೆ ಇದರದ್ದು ಸೆಲ್ಯುಲೋಸ್‌ನಿಂದ. ನೀರಿನ ಪಾಚಿಗಳಿಗೆ ಇದು ಹತ್ತಿರದ ಸಂಬಂಧಿ. ತೋಟಗಾರನಿಗೆ ಈ ವ್ಯತ್ಯಾಸ ಯಾಕೆ ಎಂದು ಕೇಳಬೇಡಿ, ದುಡ್ಡಿನ ವಿಷಯವೇ ಇದೆ. ಎಷ್ಟೋ ಬೆಳೆಗಳಲ್ಲಿ ಚೆನ್ನಾಗಿ ಕೆಲಸ ಮಾಡುವ ಕಾರ್ಬೆಂಡಜಿಮ್ ಎಂಬ ಶಿಲೀಂಧ್ರನಾಶಕ ಇದರ ಮೇಲೆ ನಡೆಯುವುದಿಲ್ಲ. ನಾವು ಆ ವರ್ಷ ಒಂದು ಅಂಗಡಿಯವರ ಮಾತು ನಂಬಿ ಅದನ್ನೂ ತಂದು ಬಿಡಿಸಿದ್ದೆವು. ಶಿಲೀಂಧ್ರನಾಶಕ ಎಂದು ಡಬ್ಬಿಯ ಮೇಲೆ ಬರೆದಿದ್ದರೆ ಸಾಲದು, ಯಾವುದಕ್ಕೆ ಎಂದು ಕೇಳಿ ತನ್ನಿ.

ನೀರಲ್ಲಿ ಈಜುವ ಸಂತಾನ

ಮಳೆ ಹನಿ ಬಿದ್ದಾಗ ಚೀಲಗಳು ಕಳಚಿ ಹನಿಯೊಡನೆ ಸಿಡಿದು ಪಕ್ಕದ ಗೊನೆಗೆ, ಗಾಳಿ ಜೋರಿದ್ದರೆ ಪಕ್ಕದ ಮರಕ್ಕೆ ಹೋಗುತ್ತವೆ. ಅಡಿಕೆಯ ಮೇಲೆ ತೆಳ್ಳಗೆ ನೀರು ನಿಂತಿದ್ದು, ತಂಪಿದ್ದರೆ ಚೀಲದ ಬಾಯಿ ತೆರೆದು ಹತ್ತಿಪ್ಪತ್ತು ಮರಿ ಬೀಜಾಣುಗಳು ಹೊರಬರುತ್ತವೆ. ಒಂದೊಂದಕ್ಕೂ ಎರಡು ಬಾಲ. ಆ ಬಾಲ ಬೀಸುತ್ತ ಅವು ನೀರಲ್ಲಿ ಈಜುತ್ತವೆ, ಗಿಡದಿಂದ ಒಸರುವ ರಸದ ಜಾಡು ಹಿಡಿದು ಹೋಗುತ್ತವೆ. ಜಾಗ ಸಿಕ್ಕಿದ ಮೇಲೆ ಬಾಲ ಕಳಚಿ, ಉಂಡೆಯಾಗಿ ಅಂಟಿಕೊಂಡು, ಮೊಳಕೆ ಒಡೆದು ಒಳಗೆ ನುಗ್ಗುತ್ತವೆ. ಕೆಲವೇ ದಿನಗಳಲ್ಲಿ ಆ ಅಡಿಕೆಯ ಮೇಲೂ ಬಿಳಿ ಹತ್ತಿ, ಹೊಸ ಚೀಲಗಳು. ಗಂಡು ಹೆಣ್ಣಿನ ಕೂಡುವಿಕೆ ಇಲ್ಲದೆಯೇ ನಡೆಯುವ ಈ ಸುತ್ತು ಒಂದು ಮಳೆಗಾಲದಲ್ಲಿ ಎಷ್ಟು ಸಲ ತಿರುಗುತ್ತದೆ ಎಂದು ಯೋಚಿಸಿ. ಒಂದು ಗೊನೆಯಿಂದ ಇಡೀ ತೋಟ ಹಿಡಿಯುವುದು ಹೀಗೆ.

ಈಜುವ ಮರಿಗೆ ಮೈ ಮುಚ್ಚುವ ಗಟ್ಟಿ ಗೋಡೆಯಿಲ್ಲ. ಅದರ ಇಡೀ ಬಾಳಿನಲ್ಲಿ ಅತ್ಯಂತ ದುರ್ಬಲವಾದ ಹೊತ್ತು ಅದೇ. ಆ ನೀರಿನ ಪದರದಲ್ಲಿ ಸ್ವಲ್ಪವೇ ತಾಮ್ರ ಕರಗಿದ್ದರೂ ಸಾಕು, ಸಾಯುತ್ತದೆ. ಬೋರ್ಡೋ ಮದ್ದಿನ ಮರ್ಮವೆಲ್ಲ ಇಷ್ಟೇ. ಮಳೆ, ನಡುವೆ ಬಿಸಿಲು, ಮತ್ತೆ ಮಳೆ ಎನ್ನುವ ದಿನಗಳಲ್ಲಿ, ತಾಪಮಾನ 20ರಿಂದ 23 ಡಿಗ್ರಿಗೆ ಇಳಿದಾಗ ರೋಗ ಏರುವುದಕ್ಕೂ ಕಾರಣ ಇದೇ ಈಜು.

ಮದ್ದು ಮಾಡುವುದು

ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ ದಾರಿಹೋಕರು ದ್ರಾಕ್ಷಿ ಕೀಳಬಾರದೆಂದು ರಸ್ತೆ ಬದಿಯ ಬಳ್ಳಿಗಳಿಗೆ ಮೈಲುತುತ್ತು, ಸುಣ್ಣ ಎರಚಿದ್ದರು. ಆ ಬಳ್ಳಿಗಳಿಗೆ ಬೂಜುರೋಗ ಬರದೇ ಇದ್ದದ್ದನ್ನು ಕಂಡ ಮಿಲಾರ್ಡೆ ಎಂಬ ಸಸ್ಯವಿಜ್ಞಾನಿ 1885ರಲ್ಲಿ ಈ ಮಿಶ್ರಣದ ವಿವರ ಪ್ರಕಟಿಸಿದರು. ಆ ಬೂಜು ಕೂಡ ನಮ್ಮ ಕೊಳೆಯ ಬಳಗದ್ದೇ, ಅದಕ್ಕೂ ಈಜುವ ಮರಿಗಳಿವೆ. ಮೈಸೂರು ಸಂಸ್ಥಾನದಲ್ಲಿದ್ದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ 1910ರ ಹೊತ್ತಿಗೆ ಮಲೆನಾಡಿನ ಕೊಳೆರೋಗವನ್ನು ಅಭ್ಯಾಸ ಮಾಡಿ ಇದೇ ಮದ್ದನ್ನು ಅಡಿಕೆಗೆ ಹೇಳಿದರು. ಇಷ್ಟು ವರ್ಷ ಕಳೆದರೂ ಅದು ಹಳತಾಗಿಲ್ಲ.

ಶೇಕಡಾ 1ರ ಮದ್ದಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಟ್ಟ ಸುಣ್ಣ, 100 ಲೀಟರ್ ನೀರು. ಮೈಲುತುತ್ತಿನ ಹರಳು ಬೇಗ ಕರಗುವುದಿಲ್ಲ. ಪುಡಿ ಮಾಡಿ, ಬಟ್ಟೆಯಲ್ಲಿ ಗಂಟು ಕಟ್ಟಿ, 50 ಲೀಟರ್ ನೀರಿರುವ ಪ್ಲಾಸ್ಟಿಕ್ ಡ್ರಮ್ಮಿನ ಮೇಲುಭಾಗದಲ್ಲಿ ಮುಳುಗುವಂತೆ ಹಿಂದಿನ ರಾತ್ರಿಯೇ ತೂಗುಬಿಡಿ. ತಳಕ್ಕೆ ಹಾಕಿದರೆ ಬೆಳಿಗ್ಗೆ ನೋಡುವಾಗಲೂ ಹರಳು ಹಾಗೇ ಕೂತಿರುತ್ತದೆ. ಇನ್ನೊಂದು ಡ್ರಮ್ಮಿನಲ್ಲಿ ಸುಣ್ಣಕ್ಕೆ ಸ್ವಲ್ಪ ಸ್ವಲ್ಪವೇ ನೀರು ಚಿಮುಕಿಸಿ ಅರಳಿಸಿ, ಆಮೇಲೆ 50 ಲೀಟರ್ ಮಾಡಿ, ಬಟ್ಟೆಯಲ್ಲಿ ಸೋಸಿ. ಸುಣ್ಣ ಕುದಿಯುವಾಗ ಮುಖ ಬಗ್ಗಿಸಬೇಡಿ, ಕಣ್ಣಿಗೆ ಹಾರಿದರೆ ಅನಾಹುತ. ತಿಂಗಳುಗಟ್ಟಲೆ ಬಾಯಿ ಬಿಚ್ಚಿಟ್ಟು ಹಿಟ್ಟಾದ ಸುಣ್ಣ ಬೇಡ, ಅದರಲ್ಲಿ ಖಾರ ಉಳಿದಿರುವುದಿಲ್ಲ.

ಎರಡೂ ತಣ್ಣಗಾದ ಮೇಲೆ ಮೈಲುತುತ್ತಿನ ನೀರನ್ನು ಸುಣ್ಣದ ನೀರಿಗೆ ನಿಧಾನವಾಗಿ ಹೊಯ್ಯಬೇಕು, ಮರದ ಕೋಲಿನಿಂದ ಕಲಕುತ್ತಲೇ ಇರಬೇಕು. ನಮ್ಮಲ್ಲಿ ಅಪ್ಪ ಹೊಯ್ದರೆ ನಾನು ಕಲಕುವವಳು. ಬೆಳ್ಳಗಿದ್ದ ಸುಣ್ಣದ ನೀರು ನೋಡನೋಡುತ್ತ ಆಕಾಶದ ತಿಳಿನೀಲಿಗೆ ತಿರುಗುತ್ತದೆ. ತಾಮ್ರ ಕರಗದ ನವಿರಾದ ಕಣಗಳಾಗಿ ಕೂತುಕೊಂಡ ಬಣ್ಣ ಅದು. ಅಡಿಕೆಗೆ ಅಂಟಿದ ಈ ಕಣಗಳು ಮಳೆ ನೀರಲ್ಲಿ ಚೂರು ಚೂರೇ ಕರಗಿ ಕಾವಲು ಕಾಯುತ್ತವೆ. ಎರಡನ್ನೂ ಸ್ವಲ್ಪ ನೀರಲ್ಲಿ ಗಟ್ಟಿಯಾಗಿ ಕಲಸಿ ಆಮೇಲೆ ನೀರು ಸೇರಿಸುವವರಿದ್ದಾರೆ. ಹಾಗೆ ಮಾಡಿದರೆ ಕಣ ದಪ್ಪವಾಗಿ ಬೇಗ ತಳಕ್ಕಿಳಿಯುತ್ತದೆ.

ಇನ್ನು ಪರೀಕ್ಷೆ. ತುಕ್ಕಿಲ್ಲದಂತೆ ಉಜ್ಜಿದ ಕತ್ತಿಯ ಅಲಗನ್ನು ಮದ್ದಿನಲ್ಲಿ ಒಂದು ನಿಮಿಷ ಅದ್ದಿ ತೆಗೆಯಿರಿ. ಅಲಗಿನ ಮೇಲೆ ಕೆಂಪಗೆ ತಾಮ್ರ ಕೂತಿದ್ದರೆ ಸುಣ್ಣ ಸಾಲದು ಎಂದರ್ಥ. ಸುಣ್ಣದ ತಿಳಿ ಸೇರಿಸಿ, ಕಲಕಿ, ಮತ್ತೆ ಅದ್ದಿ, ಕೆಂಪು ಬರದಿರುವವರೆಗೆ. ಸುಣ್ಣ ಕಡಿಮೆಯಾದ ಮದ್ದು ಎಳೆ ಅಡಿಕೆಯನ್ನೇ ಸುಡುತ್ತದೆ. ಕಬ್ಬಿಣದ ಪಾತ್ರೆ ಬಳಸಬಾರದು ಅನ್ನುವುದೂ ಇದೇ ಕಾರಣಕ್ಕೆ, ಕಬ್ಬಿಣ ಕಂಡಲ್ಲಿ ತಾಮ್ರ ಅಲ್ಲೇ ಕೂತುಬಿಡುತ್ತದೆ. ಮಾಡಿದ ಮದ್ದನ್ನು ಅದೇ ದಿನ ಮುಗಿಸಿ. ನಾಳೆಗೆ ಇಟ್ಟದ್ದು ಅಂಟುವುದಿಲ್ಲ.

ಬಿಡುವುದು

ಮೊದಲ ಸುತ್ತು ಮಳೆ ಹಿಡಿಯುವ ಮುನ್ನ, ಮೇ ಕೊನೆಯಿಂದ ಜೂನ್ ಮೊದಲ ವಾರದೊಳಗೆ. ಎರಡನೆಯದು 40ರಿಂದ 45 ದಿನ ಬಿಟ್ಟು, ಅಂದರೆ ಜುಲೈ ನಡುವಿಗೆ ತುಳುವರ ಆಟಿ ತಿಂಗಳು ಹುಟ್ಟುವ ಹೊತ್ತಿಗೆ. ಮಳೆ ಎಳೆದುಕೊಂಡು ಹೋದರೆ ಮೂರನೆಯದು. ಮೊದಲ ಸುತ್ತಿನ ದಿನವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಿ. ಎರಡನೇ ಸುತ್ತಿಗೆ ಜನರನ್ನು ಆ ದಿನವೇ ಹೇಳಿಟ್ಟುಕೊಳ್ಳಿ. ನಾವು ಸೋತದ್ದು ಅಲ್ಲೇ. ಹೊಳವು ಕೊಟ್ಟ, ಅಂದರೆ ಮಳೆ ಬಿಡುವು ಕೊಟ್ಟ ದಿನ ನೋಡಿ, ಗೊನೆ ಒಣಗಿದ ಮೇಲೆಯೇ ಬಿಡಬೇಕು. ಬಿಟ್ಟ ಮದ್ದು ಒಣಗಲು ಒಂದೆರಡು ಗಂಟೆಯಾದರೂ ಮಳೆ ಬಾರದಿದ್ದರೆ ಒಳ್ಳೆಯದು.

ಗೊನೆಯ ಹೊರಮೈಗೆ ಮಾತ್ರ ಬಿಟ್ಟು ಮುಂದಿನ ಮರಕ್ಕೆ ಹೋಗುವುದು ಸಾಮಾನ್ಯ ತಪ್ಪು. ರೋಗ ಹಿಡಿಯುವುದು ತೊಟ್ಟಿನ ಬಳಿ, ಗೊನೆಯ ಸಂದಿಯಲ್ಲಿ, ನೀರು ಒಣಗದ ಜಾಗದಲ್ಲಿ. ಮದ್ದು ಅಲ್ಲಿ ತಲುಪಬೇಕು. ಮರ ಹತ್ತಿದವರಾಗಲಿ ದೋಟಿಯಲ್ಲಿ ಬಿಡುವವರಾಗಲಿ ಸುತ್ತಲೂ ನೋಡಿ ಬಿಡಲಿ, ಅವಸರ ಮಾಡಿಸಬೇಡಿ. ಅವರ ಕಣ್ಣಿಗೆ ಕನ್ನಡಕ, ಕೈಗೆ ಗ್ಲೌಸ್ ಕೊಡಿಸುವುದು ತೋಟದ ಯಜಮಾನರ ಕರ್ತವ್ಯ. ಪಂಪು ತೊಳೆದ ನೀರನ್ನು ತೋಡಿಗೆ ಚೆಲ್ಲಬೇಡಿ, ತಾಮ್ರ ಮೀನಿಗೆ ವಿಷ. ಅಡಿಕೆ ಮರಕ್ಕೆ ಹಬ್ಬಿಸಿದ ಕಾಳುಮೆಣಸಿದ್ದರೆ ಅದರ ಎಲೆ, ಬುಡಕ್ಕೂ ಇದೇ ಮದ್ದು ತಾಗಿಸಿ. ಬಳ್ಳಿ ಒಮ್ಮೆಲೇ ಸೊರಗುವ ರೋಗವೂ ಫೈಟಾಫ್ತೊರದ್ದೇ.

ಬಿದ್ದದ್ದನ್ನು ಬಿಡಬೇಡಿ

ಬಿದ್ದ ಅಡಿಕೆ ಸತ್ತ ಅಡಿಕೆಯಲ್ಲ, ಬೀಜಾಣುವಿನ ಕಣಜ. ದಿನಾ ಹೆಕ್ಕಿ ತೋಟದ ಹೊರಗೆ ಒಯ್ದು ಸುಡಿ ಅಥವಾ ಆಳವಾಗಿ ಹೂಳಿ. ತೋಟದ ನೀರು ಹರಿದುಹೋಗುವ ಕಣಿಗೆ ಎಸೆದರೆ ಈಜುವ ಮರಿಗಳಿಗೆ ದಾರಿ ನೀವೇ ತೋರಿಸಿದ ಹಾಗೆ. ಕಣಿ ಬಿಡಿಸಿ ನೀರು ನಿಲ್ಲದಂತೆ ಮಾಡಿದರೆ ಅರ್ಧ ಕೆಲಸ ಆಯಿತು.

ಮಳೆಗಾಲದ ಕೊನೆಯಲ್ಲಿ ಒಮ್ಮೆ ಮೇಲೆ ನೋಡಿ. ಸುಳಿ ಹಳದಿಯಾಗಿ, ಎಳೆದರೆ ಕೈಗೆ ಬಂದರೆ ರೋಗ ತಲೆಗೆ ಏರಿದೆ. ಕೊಳೆತ ಭಾಗ ಕೆತ್ತಿ ತೆಗೆದು ಶೇಕಡಾ 10ರ ಬೋರ್ಡೋ ಪೇಸ್ಟ್ ಹಚ್ಚಬೇಕು. ಅದಕ್ಕೆ ಒಂದೊಂದು ಕಿಲೋ ತುತ್ತು, ಸುಣ್ಣಕ್ಕೆ ಒಟ್ಟು 10 ಲೀಟರ್ ನೀರು. ತಡವಾದರೆ ಮರವೇ ಹೋಗುತ್ತದೆ. ಗೊತ್ತಾಗದಿದ್ದರೆ ಉಡುಪಿಯವರು ಬ್ರಹ್ಮಾವರದ, ದಕ್ಷಿಣ ಕನ್ನಡದವರು ಮಂಗಳೂರಿನ ಕಂಕನಾಡಿಯ ಕೃಷಿ ವಿಜ್ಞಾನ ಕೇಂದ್ರಕ್ಕೆ ಮಾದರಿ ಒಯ್ಯಬಹುದು. ವಿಟ್ಲದಲ್ಲಿ ಸಿಪಿಸಿಆರ್‌ಐ (ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ) ಕೇಂದ್ರ ಇದೆ.

ಬಿಸಿಲು ಬಂದ ಮೇಲೆ ರೋಗಾಣು ಎಲ್ಲಿ ಹೋಗುತ್ತದೆ? ಎಲ್ಲೂ ಇಲ್ಲ. ದಪ್ಪ ಗೋಡೆಯ ಬೀಜಾಣುಗಳಾಗಿ ಮಣ್ಣಿನಲ್ಲಿ, ಮರದಲ್ಲೇ ಒಣಗಿ ನೇತಾಡುವ ಹಳೆ ಗೊನೆಯಲ್ಲಿ, ಸತ್ತ ಮರದ ತಲೆಯಲ್ಲಿ ಮುಂದಿನ ಮಳೆಗೆ ಕಾಯುತ್ತದೆ. ಕೊಯ್ಲಿಗೆ ಮರ ಹತ್ತುವವರಿಗೆ ಅಡಿಕೆಯ ಜೊತೆಗೇ ಈ ಒಣ ಗೊನೆಗಳನ್ನೂ ಇಳಿಸಲು ಹೇಳಿ, ಅದಕ್ಕೆ ಬೇರೆ ಕೂಲಿ ಕೊಟ್ಟರೂ ನಷ್ಟವಿಲ್ಲ. ನಮ್ಮ ಅಂಗಳದ ಮೂಲೆಯಲ್ಲಿ ಡಿಸೆಂಬರಿನಲ್ಲಿ ಅವನ್ನು ರಾಶಿ ಹಾಕಿ ಸುಡುತ್ತೇವೆ, ಬೂದಿ ತೆಂಗಿನ ಬುಡಕ್ಕೆ.